ಐವತ್ತನಾಲ್ಕು

ನನ್ನ ಅಳತೆಪಟ್ಟಿ ಅಂಗಡಿಯದಲ್ಲ.
ಅಪ್ಪ ನೇಯ್ದ ಕೊನೆಯ ರಿಬ್ಬನ್ನು ಅದು, ನೀಲಿ,
ಒಂದಂಚು ಬಿಟ್ಟುಹೋಗಿ ಮಾರಾಟವಾಗದ್ದು.
ಕಾವೆಂಟ್ರಿಯ ಮಗ್ಗಗಳು ಬಾಯಿ ಮುಚ್ಚಿದ ಮೇಲೆ
ಅದರುದ್ದಕ್ಕೂ ಶಾಯಿಯಲ್ಲಿ ಅಂಗುಲ ಗೀಚಿಕೊಂಡು
ಸ್ಪಾನ್ ಬೀದಿಯ ಸೈಕಲ್ ಕಾರ್ಖಾನೆಗೆ ಸೇರಿದೆ,
ಗಂಡಸರ ಕಾಲು ಅಳೆಯುವ ಕೆಲಸಕ್ಕೆ.

ಮೊಣಕಾಲೂರಿ ಕೂತು
ತೊಡೆಸಂದಿಯಿಂದ ಅಂಗಾಲಿನ ತನಕ ಪಟ್ಟಿ ಇಳಿಬಿಡಬೇಕು.
ಅವರು ಮಾಡು ನೋಡುತ್ತಾರೆ, ಕೆಮ್ಮುತ್ತಾರೆ,
ಉಸಿರೆಳೆದು ಉದ್ದವಾಗುತ್ತಾರೆ.
ಉಸಿರಿಗೂ ಕಾಲಿಗೂ ಏನು ಸಂಬಂಧ?

ಸರಪಳಿಯಿಲ್ಲ, ಹಲ್ಲುಗಾಲಿಯಿಲ್ಲ,
ಒಂದು ತುಳಿತ, ಒಂದು ಸುತ್ತು.
ಚಕ್ರ ದೊಡ್ಡದಾದಷ್ಟೂ ಊರು ಹತ್ತಿರ.
ಹಾಗಾಗಿ ಹಾಸಿಗೆ ಇದ್ದಷ್ಟು ಕಾಲು ಚಾಚುವ ಮಾತು ಇಲ್ಲಿ ತಿರುವುಮುರುವು,
ಕಾಲು ಇದ್ದಷ್ಟು ಚಕ್ರ.
ಮೂವತ್ತಮೂರರ ಕಾಲಿಗೆ ಐವತ್ತೆರಡು.
ಅದಕ್ಕಿಂತ ಒಂದಂಗುಲ ಹೆಚ್ಚಾದರೂ
ಪೆಡಲು ಕೆಳಗಿಳಿದಾಗ ಪಾದ ಗಾಳಿ ತುಳಿಯುತ್ತದೆ.

ಹತ್ತುವುದನ್ನೂ ನಾನೇ ಹೇಳಿಕೊಡಬೇಕಿತ್ತು.
ಹಿಂದಿನಿಂದ ಬಾ. ಎಡಗಾಲು ಬೆನ್ನುಮೂಳೆಯ ಮೆಟ್ಟಿಲ ಮೇಲಿಡು.
ಬಲಗಾಲಲ್ಲಿ ಕುಂಟು, ಕುಂಟು, ಕುಂಟಾಬಿಲ್ಲೆಯ ಹುಡುಗಿಯಂತೆ,
ಚಕ್ರಕ್ಕೆ ಜೀವ ಬಂದಾಗ ಜಾರಿಕೋ ಸೀಟಿಗೆ.
ಇಳಿಯುವುದು? ಅದನ್ನು ನಾಳೆ ಹೇಳುತ್ತೇನೆ.

ಪಾದ್ರಿ ಥರ್ಲೋ ಕೂರುತ್ತಿದ್ದದ್ದು ನೆಟ್ಟಗೆ,
ಪೀಠದಿಂದ ಇಳಿದೇ ಇಲ್ಲವೆಂಬಂತೆ, ಗಡ್ಡ ಗಾಳಿಗೆ ಕೊಟ್ಟು.
ಕಟುಕ ಒಬಡಯಾ ಲನ್
ಹ್ಯಾಂಡಲ್ಲನ್ನು ಹೋರಿಯ ಕೊಂಬು ಹಿಡಿದಂತೆ ಹಿಡಿಯುತ್ತಿದ್ದ.
ಕೆನಿಲ್‌ವರ್ತ್ ರಸ್ತೆಯ ಇಳಿಜಾರಿನಲ್ಲಿ ಬಲ್ಲವರು
ಎರಡೂ ಕಾಲನ್ನು ಹ್ಯಾಂಡಲ್ಲಿನ ಮೇಲಿಂದ ಆಚೆಗೆ ಇಳಿಬಿಟ್ಟು
ಪೆಡಲುಗಳನ್ನು ಅವುಗಳ ಪಾಡಿಗೆ ತಿರುಗಲು ಬಿಡುತ್ತಿದ್ದರು.
ಕಲ್ಲು ಸಿಕ್ಕರೆ ಹಾರಿ ಕಾಲಮೇಲೆ ಬೀಳಬಹುದು.
ಕಾಲು ಒಳಗಿದ್ದವರಿಗೆ ಮೂಗೇ ಮೊದಲು.

ಗ್ಯಾಸ್ ಕಂಪನಿಯ ಗುಮಾಸ್ತ ಸೆಪ್ಟಿಮಸ್ ಕ್ರೇಕ್
ಬೂಟಿನೊಳಗೆ ಕಾರ್ಕು ತುರುಕಿಕೊಂಡು ಬಂದ.
ಬೂಟು ಬಿಚ್ಚಿಸಿದೆ. ಮೂವತ್ತಮೂರು.
"ಐವತ್ತನಾಲ್ಕು ಬರೆದುಕೋ."
"ಐವತ್ತೆರಡು, ಸ್ವಾಮಿ."
"ನನ್ನ ತಮ್ಮನದು ಐವತ್ತನಾಲ್ಕು," ಎಂದ,
ಸದ್ದಡಗಿ, ಕಾಲುಚೀಲದ ತೂತಿನತ್ತ ನೋಡುತ್ತ.

ನಾನು ಐವತ್ತೆರಡರ ಚಕ್ರ ಕಟ್ಟಿಸಿ
ಹಿತ್ತಾಳೆ ಬಿಲ್ಲೆಯ ಮೇಲೆ ಐವತ್ತನಾಲ್ಕು ಕೊರೆಸಿದೆ.
ಮೇಸ್ತ್ರಿ ಕೇಳಿದ. ಕೇಳಿಸಲಿಲ್ಲ ನನಗೆ.

ಹದಿನೆಂಟು ವರ್ಷ.
ಅಷ್ಟರಲ್ಲಿ ಸರಪಳಿ ಬಂತು, ಗಾಳಿ ತುಂಬಿದ ಟೈರು ಬಂತು,
ಎರಡೂ ಚಕ್ರ ಒಂದೇ ಎತ್ತರಕ್ಕೆ ತಗ್ಗಿದವು.
ಸೀಟಿನ ಕಂಬ ಏರಿಸಿದರೆ ಮಗ, ಇಳಿಸಿದರೆ ಅವ್ವ.
ಹುಡುಗರು ಈಗ ಸಾಣೆಕಲ್ಲಿನ ಮೇಲಿನ ಕೋತಿಗಳ ಹಾಗೆ
ಬೆನ್ನು ಬಾಗಿಸಿ ಓಡಿಸುತ್ತಾರೆ, ಬೇಲಿಯಾಚೆ ಏನಿದೆ ಕಾಣದೆ.
ಕಾಲು ಅಳೆಸಿಕೊಳ್ಳಲು ಯಾರೂ ಬರುವುದಿಲ್ಲ.
ನಾನು ಹಳೆಯವನ್ನು ಕೊಳ್ಳುತ್ತೇನೆ, ಕಬ್ಬಿಣದ ಬೆಲೆಗೆ.

ಹೋದ ಮಂಗಳವಾರ ಲವಿನಿಯಾ ಕ್ರೇಕ್ ಬಂದರು, ಕಪ್ಪು ಕೈಗವಸಿನಲ್ಲಿ,
ಅದನ್ನು ದೂಡಿಕೊಂಡು, ಮುದಿ ಕುದುರೆಯನ್ನು ನಡೆಸಿಕೊಂಡು ಬರುವಂತೆ.
ರಬ್ಬರು ಬಿರುಕು ಬಿಟ್ಟಿತ್ತು. ಕಡ್ಡಿ ಒಂದೂ ಸಡಿಲವಿರಲಿಲ್ಲ.
"ಅವರಿಗೆ ಗೊತ್ತಿತ್ತು," ಎಂದರು.
ನಾನು ಬಿಲ್ಲೆ ಒರೆಸುತ್ತ ಉಳಿದೆ.
"ತಂದ ರಾತ್ರಿಯೇ ನನ್ನ ಹೊಲಿಗೆಯ ಟೇಪು ಹಿಡಿದು ಅಳೆದರು."
"ಬೈದರೆ?"
"ನೆಲದ ಮೇಲೆ ಕೂತು ತುಂಬ ಹೊತ್ತು ನಕ್ಕರು.
ಬೆಳಿಗ್ಗೆ ತಮ್ಮನ ಮನೆ ಮುಂದೆ ಎರಡು ಸಲ ಹೋದರು."

ಚೀಟಿಯಲ್ಲಿ ಅಳತೆ ಬರೆಯಬೇಕು, ಅದು ಅಂಗಡಿಯ ಕ್ರಮ.
ಜೇಬಿನಿಂದ ರಿಬ್ಬನ್ನು ತೆಗೆದೆ.
ಎಣ್ಣೆ, ಬೆವರು, ಇಷ್ಟು ಚಳಿಗಾಲಗಳ ತೇವ,
ತೊಳೆದು ತೊಳೆದು ಮುದುಡಿಹೋಗಿದೆ.
ನೆಲದಿಂದ ಚಕ್ರದ ನೆತ್ತಿಗೆ ಎಳೆದು ಹಿಡಿದೆ,
ಆಕೆ ಬಗ್ಗಿ ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.
ಮಾಸಿದ ಶಾಯಿಯಲ್ಲಿ, ಅಪ್ಪನ ನೀಲಿಯ ಮೇಲೆ,
ಐವತ್ತನಾಲ್ಕು.