ಅರವತ್ತು ವ್ಯಾಟ್

ತೆಂಗಿನೆಣ್ಣೆ ಬಾಟಲಿಯಲ್ಲೇ ಕಲ್ಲಾದ ದಿನ
ಹುಬ್ಬಳ್ಳಿಯಿಂದ ಫೋನು:
ಗುರುವಾರ ಕಳಿಸುತ್ತಾರಂತೆ.
ಒಂದು ಕಿಲೋ ಏಳುನೂರು ಗ್ರಾಂ.
ನಮ್ಮ ಅಂಗಡಿಯ ಜಾಕಿನ ಹಿಡಿಕೆ ಇದಕ್ಕಿಂತ ಭಾರ.

ಶಿರಸಿಯ ಯಲ್ಲಾಪುರ ನಾಕಾದ ಹಿಂದಿನ ಓಣಿ,
ಬಾಡಿಗೆಯ ಎರಡು ಖೋಲಿ,
ಮೂಡಲಿಗೆ ಕಿಟಕಿ, ಪಡುವಲಿಗೆ ಬಾಗಿಲು,
ನಡುವೆ ಪುಷ್ಯದ ಗಾಳಿಗೆ ರಾಜಮಾರ್ಗ.
ದೇವಿಕೆರೆಯ ಮಂಜು ಬೆಳಗಿನ ಜಾವ
ಯಾರದೋ ಮನೆಗೆಂದು ಹೊರಟದ್ದು
ನಮ್ಮಲ್ಲಿಗೇ ಬರುತ್ತದೆ
ಬಾಗಿಲಡಿಯಿಂದ, ಚಪ್ಪಲಿ ಬಿಡದೆ.

ನನಗೆ ಬರುವುದು ಒಂದೇ ವಿದ್ಯೆ:
ಗಾಳಿ ಎಲ್ಲಿ ಸೋರುತ್ತದೆ ಎಂದು ಹುಡುಕುವುದು.
ಟ್ಯೂಬಾದರೆ ನೀರಿನ ಬಾನಿಯಲ್ಲಿ ಮುಳುಗಿಸುತ್ತೇನೆ,
ಗುಳ್ಳೆಯೇ ಹೇಳುತ್ತದೆ.
ಮನೆಯನ್ನು ಯಾವ ಬಾನಿಯಲ್ಲಿ ಮುಳುಗಿಸಲಿ?
ಊದುಬತ್ತಿ ಹಚ್ಚಿ ಗೋಡೆಗುಂಟ ನಡೆದೆ.
ಹೊಗೆ ನೆಟ್ಟಗೆ ನಿಂತಲ್ಲಿ ಕ್ಷೇಮ,
ಬಾಗಿದಲ್ಲಿ ಸೀಮೆಸುಣ್ಣದ ಗುರುತು.
ಹದಿನೇಳು ಗುರುತು.
ದೇವರ ಫೋಟೋದ ಹಿಂದೆಯೂ ಒಂದು.

ಲಾರಿಯ ಹಳೆ ಟ್ಯೂಬು ಕೊಯ್ದು
ಬಾಗಿಲಡಿಗೆ ಮೊಳೆ ಹೊಡೆದೆ.
ಕಿಟಕಿಯ ಸಂದಿಗೆ ಸೈಕಲ್ ಟ್ಯೂಬು,
ಸೊಲ್ಯೂಷನ್ ಬಳಿದು, ಐದು ನಿಮಿಷ ಆರಬಿಟ್ಟು, ಒತ್ತಿ.
ಪಕ್ಕದ ಖೋಲಿಯ ಜೈನಾಬಿ ಮೂಗು ಮುಚ್ಚಿಕೊಂಡು ಬಂದಳು:
‘ಇದು ಕೂಸಿಗೋ, ಟ್ರ್ಯಾಕ್ಟರಿಗೋ?’
ನಗಲಿಲ್ಲ ನಾನು.
ಸ್ವಲ್ಪ ಹೊತ್ತಿಗೆ ಅವಳೇ ತಂದಿಟ್ಟಳು
ಒಂದು ಹೊರೆ ಹಳೆ ಸೀರೆ, ತೊಳೆದದ್ದು.

ಮಂಗಳವಾರದ ಸಂತೆಗೆ ಬಂದ ಸಿದ್ದಿ ಹೆಂಗಸು ಲೂಜಿನಾ
ಕೌದಿಯ ಅಳತೆ ಕೇಳಿದಳು.
ಎರಡು ಕೈ ಅಗಲಿಸಿ ತೋರಿಸಿದೆ.
‘ಇಷ್ಟೇಯಾ?’
ಆಮೇಲೆ ದುಡ್ಡಿನ ಮಾತೆತ್ತಲಿಲ್ಲ.
ಅಂಗಡಿಯ ಟಯರಿನ ಮೇಲೇ ಕೂತು ಹೊಲಿದಳು
ಕೊನೆಯ ಬಸ್ಸಿನ ಹೊತ್ತಿನವರೆಗೂ,
ನಾಲ್ಕು ಮೂಲೆಗೆ ನಾಲ್ಕು ಬಟ್ಟೆಯ ಹೂವು ಮಡಚಿ.
ಹೂವು ಬಿಡು, ಹೊತ್ತಾಯಿತು ಎಂದರೆ ಸಿಟ್ಟು:
‘ಹೂವಿಲ್ಲದ ಕೌದಿ ಬತ್ತಲೆ.
ಬತ್ತಲೆ ಇದ್ದದ್ದು ಯಾರ ಚಳಿ ತಡೆದೀತು?’

ಬಲ್ಬಿನದು ಬೇರೆಯೇ ಕಥೆ.
ಐದು ಅಂಗಡಿ ತಿರುಗಿದೆ, ಎಲ್ಲ ಕಡೆ ಎಲ್‌ಇಡಿ.
ಬೆಳಕುಂಟು, ಬಿಸಿಯಿಲ್ಲ.
‘ಆ ಕಾಲ ಹೋಯಿತು ಮಾರಾಯ, ಹೀಟರ್ ತಗೋ’ ಎಂದ ಒಬ್ಬ,
ಬೆಲೆ ಹೇಳಿ ತಾನೇ ಕೆಳಗೆ ನೋಡಿದ.
ಕೊನೆಗೆ ಕೋಳಿಮರಿ ಮಾರುವ ಇನಾಸ
ತನ್ನ ಗೂಡಿನಿಂದಲೇ ತಿರುವಿ ಬಿಚ್ಚಿಕೊಟ್ಟ,
ಅರವತ್ತು ವ್ಯಾಟಿನದು,
ಪುಕ್ಕವೊಂದು ಅಂಟಿದ್ದು.
‘ಮರಿಗಳಿಗೆ?’
‘ಒಂದಕ್ಕೊಂದು ಒತ್ತಿ ಕೂರ್ತಾವೆ, ಹೋಗು.’

ಬುಧವಾರ ರಾತ್ರಿ ಎಲ್ಲ ಮುಗಿಸಿ
ದೀಪದಡಿ ನನ್ನ ಕೈ ನೋಡಿಕೊಂಡೆ.
ಹದಿನೇಳು ಬಿರುಕು ಮುಚ್ಚಿದ ಕೈಯಲ್ಲಿ
ಲೆಕ್ಕವಿಲ್ಲದಷ್ಟು ಬಿರುಕು,
ಗೆರೆಗೆರೆಗೂ ಗ್ರೀಸು.
ಕೂಸಿನ ಚರ್ಮ ಈರುಳ್ಳಿಯ ಒಳಸಿಪ್ಪೆಯಂತಿದೆ
ಎಂದಿದ್ದಳು ಮಾದೇವಿ ಫೋನಿನಲ್ಲಿ.
ಮುರುಗಲ ತುಪ್ಪದ ಉಂಡೆ ಬಿಸಿಗೆ ಹಿಡಿದು
ಬೆರಳಿಗೆ, ಸಂದಿಗೆ, ಅಂಗೈಗೆ,
ಮತ್ತೆ ಬೆರಳಿಗೆ.
ಕೊನೆಯ ಸಂದಿಗಳು, ಇವೇ.

ಬಂದರು.
ಮಾದೇವಿ ಕಿಟಕಿ ನೋಡಿದಳು, ಬಾಗಿಲು ನೋಡಿದಳು,
‘ಉಸಿರು ಎಲ್ಲಿಂದ ಬರಬೇಕು?’ ಎಂದು
ಮೇಲಿನ ಗಾಳಿಕಿಂಡಿಯ ಪಟ್ಟಿಯೊಂದನ್ನು
ಚರ್ರನೆ ಕಿತ್ತಳು.
ರಾತ್ರಿ ಒಂಬತ್ತಕ್ಕೆ ಕರೆಂಟು ಹೋಯಿತು.
ಬಲ್ಬಿನ ತಂತಿ ಕೆಂಪಾಗಿ, ಕಪ್ಪಾಗಿ,
ಕತ್ತಲು.
ನಾಲ್ಕು ದಿನದ ಸಿದ್ಧತೆಯ ನಡುವೆ ನಾನು
ಬೆಂಕಿಪೊಟ್ಟಣ ತಡಕುತ್ತಿದ್ದೆ.

‘ಅಂಗಿ ಬಿಚ್ಚಿ’ ಅಂದಳು ಮಾದೇವಿ.
‘ನನಗೆ ಬೆನ್ನು ನೋಯ್ತದೆ. ಅಪ್ಪನ ಎದೆಯೂ ನಡೀತದೆ
ಅಂದಿದ್ದಾರೆ ಸಿಸ್ಟರು.’

ಎದೆಯ ಮೇಲೆ ಕಪ್ಪೆಯಂತೆ ಅಂಟಿತು ಅದು,
ಮೇಲೆ ಕೌದಿ, ನಾಲ್ಕು ಹೂವು.
ನನ್ನ ಕತ್ತಿನ ಗುಳಿಯಲ್ಲಿ
ಸಣ್ಣ ಗಾಳಿ.
ಬಂತು, ನಿಂತಿತು,
ನಿಂತೇ ಇತ್ತು,
ಬಂತು.
ಇಪ್ಪತ್ತು ವರ್ಷ ಗಾಳಿಯ ಸದ್ದಿಗೆ ಕಿವಿಗೊಟ್ಟವನು
ರಾತ್ರಿಯಿಡೀ ಇದಕ್ಕೆ ಕಿವಿಗೊಟ್ಟೆ.

ಮೂರಕ್ಕೆ ಕರೆಂಟು ಬಂತು. ಯಾರೂ ಏಳಲಿಲ್ಲ.
ಬೆಳಿಗ್ಗೆ ಬಲ್ಬು ಇನಾಸನಿಗೆ ಕೊಟ್ಟು ಬರಬೇಕು.
ಪುಕ್ಕ ಇನ್ನೂ ಹಾಗೇ ಅಂಟಿದೆ,
ಸ್ವಲ್ಪ ಸುಟ್ಟಿದೆ.