ಎಂಬತ್ತಕ್ಕೆ ಒಂದು

ದುರ್ಗಿಗುಡಿಯ ಅಡ್ಡರಸ್ತೆ, ಝೆರಾಕ್ಸ್ ಅಂಗಡಿಯ ಮೇಲೆ
ನಮ್ಮ ಆಫೀಸು. ಸಂಜೆ ಆರೂಕಾಲು.
ಮೀನು ಮಾರುಕಟ್ಟೆ ನನ್ನ ಪರದೆಯೊಳಗೆ
ನಿಧಾನ ತಿರುಗುತ್ತಿದೆ.
ಒಂದು ಗುಂಡಿ ಒತ್ತಿದರೆ ಅದು ಚಪ್ಪಟೆಯಾಗಬೇಕು.

ಇಲ್ಲಿ ಬಾಗಿಲಿಗೆ ತಾನು ಬಾಗಿಲೆಂದು ಗೊತ್ತು.
ಗೋಡೆ ಸರಿದರೆ ತಾನೂ ಸರಿಯುತ್ತದೆ,
ತನ್ನ ಚಿಲಕ, ತನ್ನ ದಪ್ಪ,
ಯಾವ ಕಡೆ ತೆರೆಯಬೇಕೆಂಬ ನೆನಪು
ಎಲ್ಲ ಹೊತ್ತುಕೊಂಡು.
ಕಂಬಕ್ಕೆ ತನ್ನ ಹೊರೆ ಗೊತ್ತು.
ನೆಲಕ್ಕೆ ತಾನು ಎತ್ತ ವಾಲಿದ್ದೇನೆಂದು ಗೊತ್ತು:
ಎಂಬತ್ತಕ್ಕೆ ಒಂದು, ಚರಂಡಿಯ ಕಡೆಗೆ.

ಆದರೆ ಭದ್ರಾವತಿಯ ಸೆಲ್ವರಾಜರ ಶೆಡ್ಡಿನಲ್ಲಿರುವುದು
ಇಪ್ಪತ್ತು ವರ್ಷದ ಹಿಂದಿನ ಸಾಫ್ಟ್‌ವೇರು.
"ಹಳೇದಕ್ಕೆ ಇಳಿಸಿ ಕಳಿಸಮ್ಮ, ನಮ್ಮದು ಓದಲ್ಲ"
ಎಂದರು ಫೋನಿನಲ್ಲಿ, ಹಿಂದೆ ಗ್ರೈಂಡರಿನ ಕಿರುಚು.
ಪಾಲಿಕೆಗೆ ಪಿಡಿಎಫ್, ಮೂರು ಪ್ರತಿ, ಮೇಲೆ ಸರ್ ರುಜು.
ಮೇಸ್ತ್ರಿ ಬುಡೇನ್ ಸಾಬರಿಗೆ
ವಾಟ್ಸಾಪಿನಲ್ಲಿ ಒಂದು ಚಿತ್ರ ಸಾಕು.

ಮೊದಲ ಸಲ ಇಳಿಸಿದಾಗ
ಮಿಲಿಮೀಟರನ್ನು ಇಂಚೆಂದು ಓದಿಕೊಂಡು
ಹದಿನೆಂಟು ಮೀಟರಿನ ಕಟ್ಟಡ ನಾನೂರೈವತ್ತೇಳಾಯಿತು.
ಸರ್ವೆ ನಕ್ಷೆಯ ಮೇಲಿಟ್ಟು ನೋಡಿದೆ:
ಒಂದು ಕಾಲು ಗಾಂಧಿಬಜಾರಿನಲ್ಲಿ,
ಇನ್ನೊಂದು ತುಂಗೆಯ ನಡುನೀರಿನಲ್ಲಿ.
ಹಾಲಪ್ಪ ಸರ್ ಕನ್ನಡಕ ಮೇಲೇರಿಸಿ
"ಬಿಡು, ಹೊಳೆಯಲ್ಲೇ ಮಾರಿಕೊಳ್ಳಲಿ" ಎಂದರು.
ನನಗೆ ನಗು ಬರಲಿಲ್ಲ.
ನಮ್ಮ ಕಡೆಯ ಕೊನೇ ಸಿಟಿ ಬಸ್ಸು ಎಂಟಕ್ಕೆ.

ಎರಡನೇ ಸಲ ಅಳತೆ ಕೂತಿತು, ಅಕ್ಷರ ಕೂರಲಿಲ್ಲ.
ಮೀನು ಮಾರುಕಟ್ಟೆ ಎಂದು ಬರೆದಲ್ಲಿ
ಸಾಲಾಗಿ ಪ್ರಶ್ನೆಚಿಹ್ನೆ,
ಗಾಳದ ಕೊಕ್ಕೆಗಳನ್ನು ತಲೆಕೆಳಗು ಒಣಹಾಕಿದ ಹಾಗೆ.
ಬಾಗಿದ ಮಾಡು ಮೂವತ್ತೆರಡು ನೇರ ತುಂಡಾಗಿತ್ತು.
ಬಾಗಿಲು? ಒಂದು ಗೆರೆ, ಒಂದು ಕಾಲು ವೃತ್ತ.
ಕೇಳಿದರೆ ತಾನು ಯಾರೆಂದು ಹೇಳದು.
ಎಲ್ಲವೂ ಸೊನ್ನೆ ನಂಬರಿನ ಒಂದೇ ಪದರದಲ್ಲಿ,
ಗೋಡೆ ಯಾವುದು ಕೊಳವೆ ಯಾವುದು
ಹೆತ್ತ ನನಗೇ ಗುರುತು ಸಿಗದ ಹಾಗೆ.

ಕೂತು ಒಂದೊಂದೇ ಬಿಡಿಸಿದೆ.
ಅಕ್ಷರಗಳನ್ನು ಒಡೆದು ಬರೀ ಗೆರೆ ಮಾಡಿದೆ.
ಈಗ ಅದು ಕನ್ನಡದ ಹಾಗೆ ಕಾಣುವ ಚಿತ್ರ,
ಕಾಗುಣಿತ ತಪ್ಪಿದ್ದರೂ ಯಾರೂ ತಿದ್ದಲಾರರು.
ಕಳಿಸಿದೆ. ಬಸ್ಸು ಹೋಗಿತ್ತು.

ಹನ್ನೊಂದು ದಿನ ಬಿಟ್ಟು ಸೈಟಿಗೆ ಹೋದರೆ
ಪಕ್ಕದ ತಗಡಿನ ಕೆಳಗೆ,
ರಾತ್ರೋರಾತ್ರಿ ಹೊನ್ನಾವರದಿಂದ ಘಾಟಿ ಹತ್ತಿ ಬಂದ ಬಂಗುಡೆಯನ್ನು
ತುಳಸಾ ಖಾರ್ವಿ ಐಸಿನಿಂದ ಬಿಡಿಸುತ್ತಿದ್ದಳು.
ನಕ್ಷೆಯ ಹಾಳೆಯನ್ನು ಒದ್ದೆ ಕೈಯಲ್ಲೇ ಇಸಕೊಂಡು
ಗಿರಾಕಿ ಮೀನಿನ ಕಣ್ಣು ನೋಡುವ ಹಾಗೆ ನೋಡಿದಳು.
"ಚೆಂದ ಉಂಟು. ಆದ್ರೆ ನೀರು ಯಾ ಬದಿಗೆ ಹೋಗೂದು?"

ಹುಡುಕಿದೆ.
ನೆಲವೆಂದರೆ ನಾಲ್ಕು ಗೆರೆ, ನಡುವೆ ಬಿಳುಪು.
ವಾಲಿದ ನೆಲವೂ ವಾಲದ ನೆಲವೂ
ನೆತ್ತಿಯಿಂದ ನೋಡಿದರೆ ಒಂದೇ.
ಬಾಣ ಹಾಕಿದ್ದೆ; ಆ ಪದರ
ಯಾವ ತಿರುವಿನಲ್ಲಿ ಬಿದ್ದುಹೋಯಿತೋ.
ಎಂಬತ್ತಕ್ಕೆ ಒಂದು
ನನ್ನ ಪರದೆಯೊಳಗೇ ಉಳಿದಿತ್ತು,
ಯಾರ ಕಾಲ ಕೆಳಗೂ ಇಲ್ಲದೆ.

ಬುಡೇನ್ ಸಾಬರು ಬೀಡಿಯನ್ನು ಕಿವಿಗೆ ಸಿಕ್ಕಿಸಿ
ಇಟ್ಟಿಗೆ ಚೂರಿನಿಂದ ನೆಲದ ಮೇಲೊಂದು ಬಾಣ ಎಳೆದರು.
"ತುಳಸಕ್ಕ ಮೊನ್ನೇನೇ ಹೇಳಿದ್ರು ತಾಯಿ.
ದಾರ ಕಟ್ಟೇ ಹಾಕಿದೀನಿ."
ಗೊತ್ತಿದ್ದೇ ಕೇಳಿದ್ದಳು.
ಸಾಬರು ಚೊಂಬು ಬಗ್ಗಿಸಿದರು. ನೀರು
ಸ್ವಲ್ಪ ಹೊತ್ತು ಯೋಚಿಸಿತು,
ಸಿಮೆಂಟಿನ ಪುಡಿಯನ್ನೂ, ಗಾಳಿಗೆ ಬಂದಿದ್ದ
ಒಂದು ಮೀನಿನ ಹುರುಪೆಯನ್ನೂ ಎತ್ತಿಕೊಂಡು
ಚರಂಡಿಯ ಕಡೆ ಹೊರಟಿತು.

ಅಳೆದೆ: ಎಪ್ಪತ್ತೆರಡಕ್ಕೆ ಒಂದು.
ಆಫೀಸಿಗೆ ಬಂದು ಮಾಡೆಲನ್ನು ತಿದ್ದಿದೆ, ನೆಲವನ್ನಲ್ಲ.
ಸಾಬರ ಬಾಣಕ್ಕೊಂದು ಬೇರೆ ಪದರ ತೆರೆದರೆ
ಹೆಸರು ಕೇಳಿತು.
ತುಳಸಾ ಎಂದು ಬರೆದೆ,
ಇಂಗ್ಲಿಷ್ ಅಕ್ಷರದಲ್ಲಿ,
ಮುಂದಿನ ಊರಲ್ಲಿ ಪ್ರಶ್ನೆಚಿಹ್ನೆ ಆಗದಿರಲಿ ಅಂತ.