ಒಂದು ಕುರ್ಚಿ ಕೊಡಿ

ಕೊಲಂಬಿಯಾ ನದಿ ಕಡಲಿಗೆ ಬೀಳುವಲ್ಲಿ ಆಸ್ಟೋರಿಯಾ.
ಮೀನಿನ ಡಬ್ಬಿ ಕಾರ್ಖಾನೆ ಮುಚ್ಚಿದ ಮೇಲೂ
ಗೋಡೆಗೆ ಹತ್ತಿದ ವಾಸನೆ ಬಿಟ್ಟಿರಲಿಲ್ಲ.
ಆ ಊರಲ್ಲಿ ಡಾಕ್ಟರ್ ಹಿಲ್ಯಾ ರೌತಿಯೊಳ ಬ್ಯಾಗು
ಇಪ್ಪತ್ತಾರು ವರ್ಷ ಹೊತ್ತ ನರ್ಸು ನಾನು.

ಯಾರ ಮನೆಗೆ ಹೋದರೂ ಅವಳ ಮೊದಲ ಮಾತು,
'ಒಂದು ಕುರ್ಚಿ ಕೊಡಿ.'
ನಾಡಿ ಆಮೇಲೆ, ನಾಲಿಗೆ ಆಮೇಲೆ.
ನಿಂತ ಡಾಕ್ಟರಿಗೆ ಸಾಯುವವರು ನಿಜ ಹೇಳುವುದಿಲ್ಲ.

ಒಮ್ಮೆ, ಮಂಜಿಗೆ ಕಾರು ನಿಲ್ಲಿಸಿ, ಹೇಳಿದ್ದು:
ಎಳೆಯ ಡಾಕ್ಟರು ನಾನು, ಬಾಗಿಲಲ್ಲೇ ನಿಂತಿದ್ದೆ.
ಒಳಗೆ ದೋಣಿ ಕಟ್ಟುವ ಬಡಗಿ, ಬೆನ್ನುಮೂಳೆ ತುಂಬ ಕ್ಯಾನ್ಸರು,
ಮಂಚದ ಕಬ್ಬಿಣ ಕಚ್ಚುತ್ತಿದ್ದ.
ದೊಡ್ಡ ಡಾಕ್ಟರು ಅಂದರು, ಮಾರ್ಫಿನ್ ಇನ್ನು ಬೇಡ, ಚಟ ಹತ್ತೀತು.
ಇದ್ದದ್ದು ನಾಲ್ಕು ದಿನ. ಚಟ ಹತ್ತೀತು!
ನಾನೂ ತಲೆಯಾಡಿಸಿದೆ.
ಆ ಸಾಲ ತೀರಿಸುತ್ತಿದ್ದೇನೆ, ಅಷ್ಟೆ.

ಸೇಲಂನ ಶಾಸನಸಭೆ ಕೊಟ್ಟದ್ದು ಮೂರು ನಿಮಿಷ.
ಹಿಂದಿನ ಸಾಲಿನಿಂದ ಯಾರೋ ಕೊಲೆಗಡುಕಿ ಅಂದರು.
ಪಾದ್ರಿಯೊಬ್ಬರು ಅಳುತ್ತಿದ್ದರು, ಅದು ನಾಟಕವಲ್ಲ.
ಹಿಲ್ಯಾ ಬರೆದು ತಂದ ಕಾಗದ ಮಡಿಚಿದಳು:
'ಮೊದಲು ನೋವಿಗೆ ಮದ್ದು.
ನಡುರಾತ್ರಿ ಮಗ್ಗುಲು ಬದಲಿಸಲು ಒಂದು ಕೈ.
ಅಷ್ಟೂ ಕೊಟ್ಟ ಮೇಲೆ, ಬುದ್ಧಿ ನೆಟ್ಟಗಿರುವವನೊಬ್ಬ
ಸಾಕು ಅಂದರೆ, ಆ ಸಾಕು ಅವನದು.
ನಿಮ್ಮದಲ್ಲ. ನನ್ನದೂ ಅಲ್ಲ.'
ಗಂಟೆ ಬಾರಿಸಿದರು. ಇನ್ನೂ ಹದಿನಾಲ್ಕು ಸೆಕೆಂಡು ಇತ್ತು,
ನಾನು ಗಡಿಯಾರ ನೋಡುತ್ತಿದ್ದೆ.

ಕಾನೂನು ಬಂತು, ವರ್ಷಗಳ ಮೇಲೆ.
ಬಲೆ ಬೀಸುತ್ತಿದ್ದ ಟೊಯ್ವೊ ನಿಸ್ಕಾ, ಪುಪ್ಪುಸದಲ್ಲಿ ಗಡ್ಡೆ,
ಎರಡು ಸಲ ಬಾಯಲ್ಲಿ ಕೇಳಿದ, ಒಮ್ಮೆ ಬರೆದುಕೊಟ್ಟ.
ಸಿಕ್ಕ ಬಾಟಲಿಯನ್ನು ಕಾಫಿ ಡಬ್ಬಿಯ ಹಿಂದಿಟ್ಟು,
'ಚಿಲಕ ಒಳಗಿನಿಂದಲೂ ಇದೆಯಲ್ಲ, ಸಾಕು' ಅಂದ.
ಐದು ವಾರದ ಮೇಲೆ ತಾನಾಗಿ ಹೋದ, ಇಳಿತದ ಹೊತ್ತು.
ಹೆಂಡತಿ ಐಲಿ ಬಾಟಲಿ ತಂದುಕೊಟ್ಟಳು. ಸೀಲು ಒಡೆದಿರಲಿಲ್ಲ.

ಅದೇ ತಿಂಗಳು ಶಾಲೆಯ ಮೇಡಂ ಒಬ್ಬರು ಕುಡಿದರು.
ಕಹಿ ಎಂದು ಮುಖ ಕಿವುಚಿ ಸೇಬಿನ ರಸ ಕೇಳಿದರು.
ಎರಡೂ ರಾತ್ರಿ ಹಿಲ್ಯಾ ಕೂತೇ ಇದ್ದಳು.
ಯಾವುದು ನಿಮ್ಮ ಗೆಲುವು ಎಂದ ಪತ್ರಕರ್ತನಿಗೆ
ಗೇಟಿನ ದಾರಿ ತೋರಿಸಿದಳು.

ಈಗ ಅವಳಿಗೇ ಹೆಸರುಗಳು ಉದುರುತ್ತಿವೆ.
ಮಗನದು ಹೋಯಿತು, ನದಿಯದು ಹೋಯಿತು.
ಬುದ್ಧಿ ನೆಟ್ಟಗಿರುವವರಿಗೆ ಬರೆದ ಕಾನೂನು
ಅವಳೇ ಹೋರಾಡಿ ತಂದದ್ದು,
ಅವಳ ಬಾಗಿಲಿಗೆ ಬರುವುದಿಲ್ಲ.
ಇದನ್ನು ಯಾರ ಮುಂದೆ ಮೂರು ನಿಮಿಷ ಹೇಳಲಿ?

ನಿನ್ನೆ ಮಧ್ಯಾಹ್ನ ಅವಳ ಕೋಣೆಗೆ ಹೋಗಿ
ಸೂಪಿನ ಬಟ್ಟಲು ಹಿಡಿದು ನಿಂತೇ ಇದ್ದೆ.
ನನ್ನನ್ನು ಬಹಳ ಹೊತ್ತು ನೋಡಿದಳು.
ಎದ್ದಳು. ಗೋಡೆ ಹಿಡಿದು ನಡೆದಳು.
ಕಿಟಕಿಯ ಹತ್ತಿರದ ಕುರ್ಚಿಯನ್ನು ಕರಕರ ಎಳೆದು ತಂದು,
ನನ್ನನ್ನು ಮಂಚದಲ್ಲಿ ಕೂರಿಸಿ, ಎದುರು ಕೂತು,
ಕೇಳಿದಳು:
'ಎಲ್ಲಿ ನೋವು?'